ಪತ್ತನಾಜೆಯವರೆಗೆ ನಾಲ್ಕು ರಾತ್ರಿ

ಮೊದಲ ದಿನ: ಕಟೀಲಿನ ಹತ್ತಿರದ ಒಂದು ಗದ್ದೆ

ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ ದಾಟುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಮೇ ಮೂರನೆಯ ವಾರದಲ್ಲಿ ಕರಾವಳಿಗೆ ಇಳಿಯುವವರನ್ನು ಕಂಡರೆ ಊರಿನವರೇ ನಗುತ್ತಾರೆ. ಒಂದು ಕಡೆ ಸೆಕೆ, ಇನ್ನೊಂದು ಕಡೆ ಯಾವಾಗ ಬೇಕಾದರೂ ಸುರಿಯುವ ಮಳೆ. ಆದರೂ ಯಕ್ಷಗಾನದ ಆಟ ನೋಡುವವರಿಗೆ ಇದಕ್ಕಿಂತ ಒಳ್ಳೆಯ ವಾರ ಇಲ್ಲ. ದೀಪಾವಳಿ ಕಳೆದ ಮೇಲೆ ಹೊರಟ ಮೇಳಗಳು ಆರು ತಿಂಗಳು ದಿನಕ್ಕೊಂದು ಊರಿನಂತೆ ತಿರುಗಿ ಈಗ ಪತ್ತನಾಜೆಯ ಹೊಸ್ತಿಲಿಗೆ ಬಂದಿರುತ್ತವೆ. ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ, ಸಾಮಾನ್ಯವಾಗಿ ಮೇ 24 ಅಥವಾ 25. ಅಂದು ತೆಂಕಿನ, ಅಂದರೆ ದಕ್ಷಿಣದ ಶೈಲಿಯ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಪದ್ಯ ಹಾಡುವ ಭಾಗವತರ ಗಂಟಲು ಸ್ವಲ್ಪ ಸವೆದಿರುತ್ತದೆ ನಿಜ. ಆದರೆ ಹಾಡಿ ಬಾರಿಸುವ ಹಿಮ್ಮೇಳ, ವೇಷ ಕಟ್ಟಿ ಕುಣಿಯುವ ಮುಮ್ಮೇಳ ಎರಡೂ ಒಂದನ್ನೊಂದು ಎಷ್ಟು ಅರೆದು ಕುಡಿದಿರುತ್ತವೆ ಎಂದರೆ ವೇಷದವನ ಹೆಗಲು ಅಲುಗಿದರೆ ಸಾಕು, ಚೆಂಡೆಯವನಿಗೆ ಮುಂದಿನ ಹೆಜ್ಜೆ ಗೊತ್ತಾಗುತ್ತದೆ.

ಈ ಸಲದ ಪ್ರವಾಸಕ್ಕೆ ಒಂದೇ ಕೆಲಸ: ಆಟದಲ್ಲಿ ಮೈ ಜುಮ್ಮೆನ್ನುವುದು ಯಾವ ಗಳಿಗೆಯಲ್ಲಿ, ಅದಕ್ಕೆ ಮುಂಚಿನ ಅರ್ಧ ನಿಮಿಷ ಏನಾಗಿತ್ತು ಎಂದು ಗಮನಿಸುವುದು. ಅದಕ್ಕೆ ಬೇಕಾದ ಸಲಕರಣೆ ಮಡಚಿದ ಅರ್ಧ ತೋಳು ಮತ್ತು ಗಡಿಯಾರ, ಅಷ್ಟೆ. ಮುಂಗೈ ರೋಮ ಸುಳ್ಳು ಹೇಳುವುದಿಲ್ಲ.

ಕಟೀಲಿಗೆ ಮುಟ್ಟಿದಾಗ ಮಧ್ಯಾಹ್ನ. ನಂದಿನಿ ನದಿಯ ನಡುಗಡ್ಡೆಯ ಮೇಲಿನ ದೇವಸ್ಥಾನ, ಮೇ ತಿಂಗಳಲ್ಲಿ ಸುತ್ತ ಕಲ್ಲೇ ಜಾಸ್ತಿ, ನೀರು ಕಡಿಮೆ. ಇಲ್ಲಿನ ಮೇಳದ ಹರಕೆ ಆಟಕ್ಕೆ ಹೆಸರು ಬರೆಸಿದವರು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಅಪ್ಪ ಹೇಳಿಕೊಂಡ ಹರಕೆಯನ್ನು ಮಗ ಆಡಿಸುವುದು ಈ ಕಡೆ ಸುದ್ದಿಯೇ ಅಲ್ಲ. ಊಟದ ಸಾಲಿನಲ್ಲಿ ಪಕ್ಕ ಕೂತ ಹಿರಿಯರು ಸಾರಿಗೆ ಅನ್ನ ಕಲಸುತ್ತಲೇ ವಿಚಾರಿಸಿದರು: “ಇವತ್ತು ರಾತ್ರಿ ಕಿನ್ನಿಗೋಳಿ ಕಡೆ ಒಂದು ದೇವಿ ಮಹಾತ್ಮೆ ಉಂಟು, ಬೇರೆ ಮೇಳದ್ದು. ಬೆಳಗ್ಗಿನವರೆಗೆ. ಹೋಗ್ತೀರಾ?” ಹೆಚ್ಚಿನ ಮೇಳಗಳು ಕಾಲಮಿತಿಗೆ ಇಳಿದಿರುವ ಈಗಿನ ದಿನಗಳಲ್ಲಿ ಬೆಳಗ್ಗಿನವರೆಗಿನ ಆಟ ಸಿಕ್ಕಿದರೆ ಬಿಡಬಾರದು.

ಸಂಜೆ ಆರಕ್ಕೇ ಗದ್ದೆಯಲ್ಲಿದ್ದೆವು. ಬೇಗ ಹೋಗಬೇಕಾದದ್ದು ವೇಷ ಕಟ್ಟುವ ಚೌಕಿಗಾಗಿ. ಚಪ್ಪಲಿ ಹೊರಗೆ ಬಿಟ್ಟು, ದೇವರ ಪೆಟ್ಟಿಗೆ ಇರುವ ಕಡೆಗೆ ಕೈಮುಗಿದು, ಯಾರಾದರೂ ಹಿರಿಯ ಕಲಾವಿದರನ್ನು ಕೇಳಿ ಅಂಚಿನಲ್ಲಿ ಕೂತರೆ ಯಾರೂ ಬೇಡ ಅನ್ನುವುದಿಲ್ಲ. ಫ್ಲ್ಯಾಶ್ ಹಾಕಿ ಫೋಟೋ ತೆಗೆದರೆ ಮಾತ್ರ ಬೈಗುಳ ಗ್ಯಾರಂಟಿ. ಕನ್ನಡಿಯಲ್ಲಿ ಕಣ್ಣಂಚು ತಿದ್ದುತ್ತಿರುವವನಿಗೆ ಆ ಬೆಳಕು ಚುಚ್ಚುತ್ತದೆ.

ಮಹಿಷಾಸುರನ ವೇಷಧಾರಿ ಮೂಲೆಯಲ್ಲಿ ಚಿಟ್ಟಿ ಇಡುತ್ತಿದ್ದರು. ಅಕ್ಕಿ ಹಿಟ್ಟಿಗೆ ಸುಣ್ಣ ಸೇರಿಸಿ ಕಲಸಿದ ಹಿಟ್ಟನ್ನು ಸಪೂರ ಕಡ್ಡಿಯಲ್ಲಿ ಮುಟ್ಟಿ ಮುಖದ ಮೇಲೆ ಒಂದೊಂದೇ ಮುಳ್ಳು ಎಬ್ಬಿಸುವ ಕೆಲಸ. ಹಿಟ್ಟು ನೀರಾದರೆ ಮುಳ್ಳು ನಿಲ್ಲದೆ ಇಳಿಯುತ್ತದೆ, ಗಟ್ಟಿಯಾದರೆ ಒಣಗಿದ ಮೇಲೆ ಹುಬ್ಬು ಎತ್ತಿದಾಗ ಉದುರುತ್ತದೆ. ಮೊದಲ ಸುತ್ತು ಒಣಗಿದ ಮೇಲೇ ಎರಡನೆಯದು. ಹಾಗಾಗಿ ಬಣ್ಣದ ವೇಷಕ್ಕೆ ಮೂರು ಗಂಟೆ ಹಿಡಿಯುವುದು ಸಾಮಾನ್ಯ. ಮಾತಾಡಲಾಗದು, ನಗಲಾಗದು. ಹೊರಗೆ ಜನ ಎಷ್ಟು ಹೊತ್ತು ಕಾಯುತ್ತಾರೋ ಅದಕ್ಕಿಂತ ಹೆಚ್ಚು ಹೊತ್ತು ಒಳಗೆ ಆತ ಕಾಯುತ್ತಾನೆ.

ಕೂರುವ ಜಾಗದ ಬಗ್ಗೆ ಒಂದು ಮಾತು. ಮುಂದಿನ ಕುರ್ಚಿಗಳು ಹರಕೆಯವರ ಬಂಧುಗಳಿಗೆ. ಅದರ ಪಕ್ಕ, ರಂಗಸ್ಥಳದಿಂದ ಹತ್ತು ಮೀಟರ್ ಒಳಗೆ, ಚೆಂಡೆ ಕಾಣುವ ಬದಿಯಲ್ಲಿ ಚಾಪೆ ಹಾಸಿದರೆ ಉತ್ತಮ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಮೂವತ್ತು ಮೀಟರ್ ಹಿಂದೆ ಕೂತವರಿಗೆ ಹೆಜ್ಜೆ ಮೊದಲು ಕಾಣುತ್ತದೆ, ಪೆಟ್ಟು ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ತಡವಾಗಿ ಕೇಳುತ್ತದೆ. ಅಷ್ಟು ಸಣ್ಣ ಬಿರುಕು ಲೆಕ್ಕಕ್ಕಿಲ್ಲ ಅನಿಸಬಹುದು. ಆದರೆ ಕಾಲು ನೆಲಕ್ಕೆ ತಾಗುವುದೂ ಕೋಲು ಚರ್ಮಕ್ಕೆ ತಾಗುವುದೂ ಒಂದೇ ಆಗಿ ಬಿದ್ದಾಗಿನ ಸುಖ ಹಿಂದೆ ಕೂತವರಿಗೆ ದಕ್ಕುವುದಿಲ್ಲ. ಧ್ವನಿವರ್ಧಕದ ನೇರಕ್ಕಂತೂ ಕೂರಲೇಬಾರದು.

ಕೇಳಿ ಬಡಿದರು. ಆಟ ಉಂಟು ಎಂದು ಸುತ್ತಲಿನ ಊರುಗಳಿಗೆ ಚೆಂಡೆಯೇ ಹೇಳುವ ಕ್ರಮ ಇದು. ಬಯಲಿನಲ್ಲಿ ಎರಡು ಮೂರು ಕಿಲೋಮೀಟರ್ ದೂರಕ್ಕೂ ಮುಟ್ಟುತ್ತದೆ. ತೆಂಕಿನ ಚೆಂಡೆ ಕೇರಳದ ಚೆಂಡೆಯ ಒಡಹುಟ್ಟು. ಹಲಸಿನ ಮರದ ಕಳಸೆ, ಎರಡೂ ಕಡೆ ಚರ್ಮ, ಹಗ್ಗದಲ್ಲಿ ಎಳೆದು ಬಿಗಿದದ್ದು. ಕೋಲು ತಾಗಿದ ಕೂಡಲೇ ಸದ್ದು ನೆತ್ತಿಗೇರಿ ಅಷ್ಟೇ ಬೇಗ ಸಾಯುತ್ತದೆ. ಮದ್ದಳೆಯಂತೆ ನಿಧಾನವಾಗಿ ಅರಳುವುದಿಲ್ಲ. ಮೈ ಬೆಚ್ಚುವುದಕ್ಕೆ ಬೇಕಾದದ್ದೂ ಅಂಥ ಸದ್ದೇ. ಪ್ರತಿ ರೋಮದ ಬುಡದಲ್ಲೂ ಒಂದು ಪುಟ್ಟ ಸ್ನಾಯು ಇರುತ್ತದೆ. ನಮ್ಮ ಅಪ್ಪಣೆ ಕೇಳದೆ ಕೆಲಸ ಮಾಡುವ ನರಗಳು ಅದನ್ನು ಎಳೆದರೆ ರೋಮ ನೆಟ್ಟಗಾಗುತ್ತದೆ. ಚಳಿಗೂ ಅದೇ ಸ್ನಾಯು, ಹೆದರಿಕೆಗೂ ಅದೇ, ಪದ್ಯಕ್ಕೂ ಅದೇ.

ಆದರೆ ಬರೀ ಜೋರು ಸದ್ದಾದರೆ ಹತ್ತು ಪೆಟ್ಟಿಗೆ ಮೈ ಒಗ್ಗಿಹೋಗುತ್ತದೆ. ಆ ರಾತ್ರಿಯೇ ಅದು ಕಣ್ಣೆದುರು ನಡೆಯಿತು.

ಮಹಿಷಾಸುರನ ಪ್ರವೇಶ ರಂಗಸ್ಥಳದ ಹಿಂದಿನಿಂದ ಅಲ್ಲ, ಸಭೆಯ ಹಿಂದಿನಿಂದ. ದೂರದ ಕತ್ತಲಲ್ಲಿ ಮೊದಲು ಒಂದು ಆರ್ಭಟೆ. ಚೆಂಡೆ ಏರುತ್ತದೆ, ಇಳಿಯುತ್ತದೆ. ಮತ್ತೆ ಆರ್ಭಟೆ, ಈಗ ಸ್ವಲ್ಪ ಹತ್ತಿರ. ಆಮೇಲೆ ಎರಡು ದೊಂದಿ ಕಾಣಿಸುತ್ತದೆ. ದೊಂದಿಗೆ ರಾಳದ ಹುಡಿ ಎರಚಿದಾಗ ಭಗ್ಗೆಂದು ಎದ್ದ ಬೆಂಕಿಯಲ್ಲಿ ಎರಡು ಕೋಡು, ಮುಳ್ಳಿನ ಮುಖ ಅರೆ ಗಳಿಗೆ ಕಂಡು ಮತ್ತೆ ಕತ್ತಲು. ಚರುಮುರಿ ಗಾಡಿಯವನು ಒಂದೂವರೆಗೇ ಈರುಳ್ಳಿ ಹೆಚ್ಚುವುದು ನಿಲ್ಲಿಸಿ ಬಾಳೆಲೆ ಮುಚ್ಚಿದ. “ಮಹಿಷಾಸುರೆ ಬನ್ನಗ ಎಂಕ್ ವ್ಯಾಪಾರ ಇಜ್ಜಿ” ಎಂದ. ಮಹಿಷಾಸುರ ಬರುವಾಗ ನನಗೆ ವ್ಯಾಪಾರ ಇಲ್ಲ ಎಂದರ್ಥ. ಗಾಡಿಯ ಮೇಲೆ ತಾನೇ ಹತ್ತಿ ನಿಂತ.

ಎಲ್ಲ ಸರಿಯಾಗಿತ್ತು, ಗರ್ನಾಲು ಪಟಾಕಿ ಹೊಡೆಯುವ ಹುಡುಗರನ್ನು ಬಿಟ್ಟು. ಎರಡನೆಯ ಆರ್ಭಟೆಗೇ ಅವಸರಪಟ್ಟು ಗದ್ದೆಯ ಎಡಗಡೆ ಮೂರು ಗರ್ನಾಲು ಸಿಡಿಸಿದರು. ಸಭೆಯೆಲ್ಲ ಎಡಕ್ಕೆ ತಿರುಗಿತು, ಮಹಿಷಾಸುರ ಬರುತ್ತಿದ್ದದ್ದು ಬಲಗಡೆಯಿಂದ. ಅಷ್ಟರಲ್ಲಿ ಐವತ್ತು ಮೊಬೈಲುಗಳ ಲೈಟು ಹೊತ್ತಿ ಕತ್ತಲೂ ಹೋಯಿತು. ಸಂಜೆಯ ತುಂತುರಿಗೆ ರಾಳದ ಹುಡಿ ತೇವ ಹಿಡಿದಿತ್ತೋ ಏನೋ, ಒಂದು ದೊಂದಿ ಬರೀ ಹೊಗೆಯಾಡಿತು. ವೇಷ ಭರ್ಜರಿಯಾಗಿತ್ತು, ಚೆಂಡೆ ಕಿವಿ ಹರಿಯುವಂತಿತ್ತು, ಮಕ್ಕಳು ಕಿರುಚಿದರು. ಮುಂಗೈ ಮಾತ್ರ ತಣ್ಣಗೆ ಮಲಗಿತ್ತು. ಎಲ್ಲಿ ನೋಡಬೇಕು, ಯಾವಾಗ ಬರಬಹುದು ಎಂಬ ಕಾತರವನ್ನು ಆ ಗರ್ನಾಲು ಮೊದಲೇ ಖರ್ಚು ಮಾಡಿಬಿಟ್ಟಿತ್ತು.

ಜುಮ್ಮೆಂದದ್ದು ಆಮೇಲೆ, ಯಾರೂ ಏರ್ಪಾಡು ಮಾಡದ ಕಡೆ. ದೇವಿಗೂ ಮಹಿಷಾಸುರನಿಗೂ ಯುದ್ಧ, ಬೀಸು ತ್ರಿವುಡೆ ತಾಳ, ಏಳೇಳು ಅಕ್ಷರದ ಆವರ್ತ ಉರುಳುತ್ತಿದೆ. ಹಠಾತ್ತನೆ ಚೆಂಡೆಯವರು ಕೋಲು ಎತ್ತಿ ಹಿಡಿದುಬಿಟ್ಟರು. ಉಳಿದದ್ದು ಭಾಗವತರ ಜಾಗಟೆ, ಚಕ್ರತಾಳ, ಒಳಗೊಳಗೆ ಗುನುಗುವ ಮದ್ದಳೆ. ಎರಡು ಆವರ್ತ, ಅಂದರೆ ಮೂರು ನಾಲ್ಕು ಸೆಕೆಂಡು ಇರಬಹುದು. ವೇಷ ಗಿರಗಿರನೆ ಸುತ್ತುತ್ತಲೇ ಇದೆ, ಚೆಂಡೆ ಇಲ್ಲ. ಕಿವಿ ಅದನ್ನು ಹುಡುಕುತ್ತದೆ. ಮೂರನೆಯ ಆವರ್ತದ ಮೊದಲ ಅಕ್ಷರಕ್ಕೆ ಎರಡೂ ಕೋಲು ಒಟ್ಟಿಗೆ ಬಿದ್ದವು, ಮಹಿಷಾಸುರ ಆ ಪೆಟ್ಟಿಗೇ ನೆಲಕ್ಕೆ ಕಾಲೂರಿದ. ಗಂಟೆ ಎರಡೂ ನಲವತ್ತು. ಚಾಪೆಯ ಮೇಲಿದ್ದ ಮೂವರೂ ಒಬ್ಬರ ತೋಳು ಒಬ್ಬರು ನೋಡಿಕೊಂಡೆವು.

ಎರಡನೆಯ ದಿನ: ಬ್ರಹ್ಮಾವರದ ಆಚೆ, ಮಳೆ

ಬೆಳಿಗ್ಗೆ ಏಳಕ್ಕೆ ಕಿನ್ನಿಗೋಳಿಯಲ್ಲಿ ಬನ್ಸು, ಚಟ್ನಿ. ಬಾಳೆಹಣ್ಣು ಹಾಕಿ ಕಲಸಿದ ಹಿಟ್ಟು ರಾತ್ರಿಯಿಡೀ ಹುಳಿ ಬಂದಿದ್ದರೆ ಮಾತ್ರ ಬನ್ಸು ಒಳಗೆ ಜಾಲರಿಯಂತೆ ಬಿಚ್ಚಿಕೊಳ್ಳುತ್ತದೆ, ಇಲ್ಲಿಯದು ಬಿಚ್ಚಿಕೊಂಡಿತ್ತು. ಮಧ್ಯಾಹ್ನದವರೆಗೆ ನಿದ್ದೆ. ಆಟದ ತಿರುಗಾಟ ಮಾಡುವವರು ಹಗಲಿಗೆ ಬೇರೆ ಏನೂ ಇಟ್ಟುಕೊಳ್ಳಬಾರದು. ಆಯಾಸದ ಮೈಗೆ ರಾತ್ರಿ ಹನ್ನೊಂದರ ಮೇಲೆ ಯಾವ ಪದ್ಯವೂ ತಾಗುವುದಿಲ್ಲ.

ಉಡುಪಿ ದಾಟಿ ಬ್ರಹ್ಮಾವರಕ್ಕೆ ಬಂದಾಗ ಪಡುವಣದಲ್ಲಿ ಮೋಡ ಕಪ್ಪಿಟ್ಟಿತ್ತು. ಮಂದಾರ್ತಿ ಕಡೆಗೆ ಒಳರಸ್ತೆ, ಎರಡೂ ಬದಿ ಗೇರುಮರ, ರಸ್ತೆಗೆ ಬಿದ್ದು ಜಜ್ಜಿದ ಹಣ್ಣಿನ ಒಗರು ವಾಸನೆ. ಸೀತಾನದಿ ದಾಟಿದರೆ ಮಾತೂ ಬದಲಾಗುತ್ತದೆ, ಆಟವೂ ಬದಲಾಗುತ್ತದೆ. ಇದು ಬಡಗು, ಯಕ್ಷಗಾನದ ಉತ್ತರದ ಶೈಲಿ. ಕಿರೀಟ ಕಡಿಮೆ, ಕೇದಗೆ ಮುಂದಲೆ ಮತ್ತು ಮುಂಡಾಸು ಜಾಸ್ತಿ. ಸುತ್ತು ಹಾರುವ ಧೀಂಗಿಣದ ಬದಲು ಮಂಡಿಯೂರಿ ತಿರುಗುವುದು. ಚಂಡೆಯ ಸದ್ದಿಗೂ ಬೇರೆಯೇ ಕಂಠ.

ಎಂಟೂವರೆಗೆ ಮಳೆ ಹೊಡೆಯಿತು. ಚಪ್ಪರದ ಶೀಟಿನ ಮೇಲೆ ಬಿದ್ದ ಸದ್ದಿಗೆ ಭಾಗವತರ ಪೀಠಿಕೆಯ ನಾಟಿ ರಾಗ ಕೇಳಿಸಲೇ ಇಲ್ಲ. ಇಪ್ಪತ್ತು ನಿಮಿಷ ಸುರಿದು ನಿಂತಿತು, ಹಿಂದಿನಿಂದ ಗಾಳಿ. ಹಿಮ್ಮೇಳದ ಬದಿಯಲ್ಲಿ ಕೂತಿದ್ದ ಒಬ್ಬರು ಚಂಡೆಗೆ ಒಂದು ಪೆಟ್ಟು ಹಾಕಿ ನೋಡಿ ಮುಖ ಹುಳ್ಳಗೆ ಮಾಡಿದರು. “ಚಂಡೆ ಚಂಡಿ ಆಯ್ತ್ ಮಾರ್ರೆ!” ಕುಂದಾಪುರದ ಮಾತಿನಲ್ಲಿ ಚಂಡಿ ಎಂದರೆ ಒದ್ದೆ. ಸುತ್ತ ಇದ್ದವರೆಲ್ಲ ನಕ್ಕರು, ಅವರಿಗೆ ಮಾತ್ರ ನಗು ಬರಲಿಲ್ಲ.

ನಗುವ ವಿಷಯವೂ ಅಲ್ಲ. ಚರ್ಮ ತೇವ ಎಳೆದುಕೊಂಡರೆ ಹಿಗ್ಗುತ್ತದೆ, ಬಿಗಿ ಸಡಿಲವಾಗುತ್ತದೆ. ಶ್ರುತಿ ಇಳಿಯುತ್ತದೆ, ಅದಕ್ಕಿಂತ ಮುಖ್ಯವಾಗಿ ಪೆಟ್ಟಿನ ಮೊನೆ ಹೋಗುತ್ತದೆ. ಟಣ್ಣೆನ್ನಬೇಕಾದದ್ದು ಡಬ್ ಎನ್ನುತ್ತದೆ. ಮದ್ದಳೆಯದು ಇನ್ನೊಂದು ಪಾಡು: ಅದರ ಕರ್ಣ, ಅಂದರೆ ನಡುವಿನ ಕಪ್ಪು ಲೇಪ, ಇರುವುದೇ ನಾದವನ್ನು ಭಾಗವತರ ಶ್ರುತಿಗೆ ನಿಲ್ಲಿಸಲು. ಭಾಗವತರು ಹಾರ್ಮೋನಿಯಂನ ಕಪ್ಪು ಮೂರರ ಶ್ರುತಿಯಲ್ಲಿ ಹಾಡುತ್ತಿದ್ದರೆ ಮದ್ದಳೆಯೂ ಅಲ್ಲಿಗೇ ಬರಬೇಕು. ಅರ್ಧ ಸ್ವರ ಕೆಳಗೆ ಉಳಿದರೆ ಕೇಳುವವರಿಗೆ ಕಾರಣ ಗೊತ್ತಾಗದೆಯೂ ಇರುಸುಮುರುಸಾಗುತ್ತದೆ, ಪದ್ಯ ಎಲ್ಲೋ ಜಾರುತ್ತಿದೆ ಅನಿಸುತ್ತದೆ.

ಅವರು ಮಾಡಿದ್ದು ಹೀಗೆ. ಚಂಡೆಯನ್ನು ಹ್ಯಾಲೊಜೆನ್ ದೀಪದ ಮುಂದೆ ಎರಡು ಗೇಣು ದೂರದಲ್ಲಿಟ್ಟು ಆಗಾಗ ತಿರುಗಿಸಿದರು. ಹತ್ತಿರ ಹಿಡಿದರೆ ಬೇಗ ಒಣಗುತ್ತದೆ, ಆದರೆ ಅಂಚಿನಲ್ಲಿ ಸೀಳುತ್ತದೆ. ಕೈ ಇಟ್ಟರೆ ಬೆಚ್ಚಗಾಗಬೇಕು, ಸುಡಬಾರದು. ಆಮೇಲೆ ಹಗ್ಗವನ್ನು ಸುತ್ತ ಒಂದೇ ಸಮನೆ ಎಳೆದು ಬಿಗಿದರು. ಒಂದೇ ಕಡೆ ಎಳೆದರೆ ಚರ್ಮದ ಒಂದು ಬದಿ ಚೂಪು, ಇನ್ನೊಂದು ಬದಿ ಮಂದ. ಅಷ್ಟು ಹೊತ್ತು ಮೀಸಲು ಚಂಡೆಯಲ್ಲಿ ಆಟ ನಡೆಯಿತು. ಮಳೆಗಾಲದ ಹೊಸ್ತಿಲಲ್ಲಿ ಎರಡನೆಯ ಚಂಡೆ ಇಲ್ಲದೆ ಹೊರಡುವ ಹಿಮ್ಮೇಳವೇ ಇಲ್ಲ ಎಂದರು.

ಪ್ರಸಂಗ ಅಭಿಮನ್ಯು ಕಾಳಗ. ಹುಡುಗ ಚಕ್ರವ್ಯೂಹ ಹೊಗುವ ಏರು ಪದ್ಯಕ್ಕೆ ಸರಿಯಾಗಿ ಒಣಗಿದ ಚಂಡೆ ವಾಪಸು ಬಂತು. ಈಗ ಜುಮ್ಮೆನ್ನುತ್ತದೆ ಎಂದು ಎಲ್ಲರೂ ತೋಳು ಮಡಚಿದರೆ, ಧ್ವನಿವರ್ಧಕದವನು ಅದೇ ಹೊತ್ತಿಗೆ ಗುಂಡಿ ತಿರುವಿ ಎಲ್ಲವನ್ನೂ ಏರಿಸಿದ. ಭಾಗವತರ ಕಂಠ ಒಡೆದು ತಗಡಿನಂತಾಯಿತು, ಚಂಡೆ ಮದ್ದಳೆ ಒಂದಾಗಿ ಗದ್ದಲ. ಇದು ಈಗ ಕರಾವಳಿಯುದ್ದಕ್ಕೂ ಇರುವ ರೋಗ. ಏರು ಪದ್ಯ ಏರಿದಂತೆ ಅನಿಸಬೇಕಾದರೆ ಅದಕ್ಕೆ ಮುಂಚಿನದು ತಗ್ಗಿನಲ್ಲಿರಬೇಕು. ಶುರುವಿನಿಂದಲೇ ಅಟ್ಟದ ಮೇಲೆ ಕೂತವರಿಗೆ ಹತ್ತಲು ಮೆಟ್ಟಿಲು ಎಲ್ಲಿದೆ? ಆಟದ ಏರ್ಪಾಡು ಮಾಡುವವರು ಒಂದೇ ಒಂದು ಮಾತು ಕೇಳುವುದಾದರೆ ಇಷ್ಟು: ಚಂಡೆಗೆ ಮೈಕು ಬೇಡ, ಭಾಗವತರಿಗೆ ಮಾತ್ರ ಇರಲಿ. ಚಂಡೆಯ ಗಂಟಲು ಅದಕ್ಕೇ ಇದೆ.

ಆ ರಾತ್ರಿಯ ಲೆಕ್ಕ ಸೊನ್ನೆ ಎಂದುಕೊಂಡು ಹನ್ನೆರಡೂವರೆಗೆ ಎದ್ದು ಕಾರಿನ ಕಡೆ ನಡೆದೆವು. ಕಾರು ಕೆಸರಿನಲ್ಲಿ ಹೂತಿತ್ತು. ಹಿಂದಿನ ಗಾಲಿಗೆ ತೆಂಗಿನ ಮಡಲು ಕೊಟ್ಟು ನಾಲ್ಕು ಮಂದಿ ತಳ್ಳುತ್ತಿದ್ದಾಗ, ಎರಡು ಗದ್ದೆ ಆಚೆಯಿಂದ ಅದೇ ಆಟದ ಚಂಡೆ ಕೇಳಿತು. ಇಷ್ಟು ದೂರಕ್ಕೆ ಧ್ವನಿವರ್ಧಕದ ಗದ್ದಲ ಸೋಸಿಹೋಗಿ ಪೆಟ್ಟು ಮಾತ್ರ ಉಳಿದಿತ್ತು, ಕಪ್ಪೆಗಳ ವಟವಟದ ನಡುವೆ ಬಿಡಿ ಬಿಡಿಯಾಗಿ. ತಳ್ಳುತ್ತಿದ್ದ ಊರಿನ ಯುವಕ ಕೈ ಬಿಟ್ಟು ನೆಟ್ಟಗೆ ನಿಂತ. “ಹ್ವಾಯ್, ಅಭಿಮನ್ಯು ಬಿದ್ದ ಕಾಣಿ.” ಕಾಣುವುದಕ್ಕೆ ಏನೂ ಇರಲಿಲ್ಲ. ಚಂಡೆ ನಿಂತಿತ್ತು, ಅಷ್ಟೆ. ಕೆಸರು ಮೆತ್ತಿದ ತೋಳಿನಲ್ಲಿ ರೋಮ ನೋಡಲಾಗಲಿಲ್ಲ, ಆದರೆ ಎದ್ದದ್ದು ಗೊತ್ತಾಯಿತು.

ಮೂರನೆಯ ದಿನ: ಹೊನ್ನಾವರದ ತೋಟದ ಮನೆ

ಕುಂದಾಪುರದಿಂದ ಉತ್ತರಕ್ಕೆ ಹೆದ್ದಾರಿ 66. ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ, ನಡುವೆ ಒಂದು ರಸ್ತೆಯಷ್ಟು ನೆಲ. ಅಲೆ ಆಗಲೇ ಮಣ್ಣು ಬಣ್ಣಕ್ಕೆ ತಿರುಗಿತ್ತು. ಭಟ್ಕಳದಲ್ಲಿ ಚಹಾ. ಹೊನ್ನಾವರಕ್ಕೆ ಮುಂಚೆ ಇಡಗುಂಜಿಗೆ ತಿರುಗುವ ದಾರಿ, ಮತ್ತೆ ಗುಣವಂತೆ. ಇಲ್ಲಿಯ ಕೆರೆಮನೆಯಲ್ಲಿ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಕಟ್ಟಿದರು. ಮಗ ಶಂಭು ಹೆಗಡೆಯವರು ಅದನ್ನು ದೊಡ್ಡದು ಮಾಡಿದರು. ಈ ಕಡೆಯ ಆಟದಲ್ಲಿ ಕುಣಿತಕ್ಕಿಂತ ನಿಲುವಿಗೆ ಬೆಲೆ. ಒಂದು ಪದ್ಯದ ಒಂದೇ ಸಾಲನ್ನು ಭಾಗವತರು ಮತ್ತೆ ಮತ್ತೆ ಎತ್ತಿಕೊಡುತ್ತಾರೆ, ವೇಷ ಪ್ರತಿ ಸಲವೂ ಅದಕ್ಕೆ ಹೊಸ ಅರ್ಥ ಹುಡುಕುತ್ತದೆ. ಅವಸರದವರಿಗೆ ಹಿಡಿಸುವುದಿಲ್ಲ.

ನಾವು ಹೋದದ್ದು ಆಟಕ್ಕಲ್ಲ, ತಾಳಮದ್ದಳೆಗೆ. ಅಡಿಕೆ ತೋಟದ ನಡುವಿನ ಒಂದು ಮನೆ. ಅಂಗಳಕ್ಕೆ ಕಾಲಿಟ್ಟ ಕೂಡಲೇ ಮನೆಯ ಅಮ್ಮ ಕೇಳಿದ ಮೊದಲ ಪ್ರಶ್ನೆ: “ಆಸರಿಗೆ ಎಂತ ಕೊಡ್ಲಿ?” ಬೆಲ್ಲ, ನೀರು, ಆಮೇಲೆ ಪುನರ್ಪುಳಿ ಶರಬತ್ತು. ರಾತ್ರಿ ಊಟಕ್ಕೆ ಅಪ್ಪೆಹುಳಿ: ಜೀರಿಗೆ ವಾಸನೆಯ ಮಾವಿನಕಾಯಿ ಬೇಯಿಸಿ ಹಿಂಡಿ, ಸಾಸಿವೆ, ಹಸಿಮೆಣಸು, ಇಂಗಿನ ಒಗ್ಗರಣೆ ಕೊಟ್ಟದ್ದು. ಅನ್ನಕ್ಕೆ ಒಂದು ಸೌಟು, ಕುಡಿಯುವುದಕ್ಕೆ ಎರಡು ಲೋಟ. ಅದನ್ನು ಕುಡಿದರೆ ಕಣ್ಣು ಎಳೆಯುತ್ತದೆ, ತಾಳಮದ್ದಳೆಯ ದಿನ ಜಾಸ್ತಿ ಬೇಡ ಎಂದು ಮನೆಯ ಯಜಮಾನರು ಮುಂಚೆಯೇ ಎಚ್ಚರಿಸಿದರು. ಅವರ ಮಾತು ಕೇಳಬೇಕಿತ್ತು.

ತಾಳಮದ್ದಳೆಗೆ ವೇಷವಿಲ್ಲ, ಕುಣಿತವಿಲ್ಲ, ದೊಂದಿಯಿಲ್ಲ. ಜಗಲಿಯ ಮೇಲೆ ಎದುರು ಬದುರು ಅರ್ಥಧಾರಿಗಳು, ಪಂಚೆ, ಶಾಲು. ನಡುವೆ ಹಿಮ್ಮೇಳ. ಭಾಗವತರು ಪದ್ಯ ಹೇಳಿ ನಿಲ್ಲಿಸುತ್ತಾರೆ, ಅರ್ಥಧಾರಿ ಅದನ್ನು ಅಲ್ಲೇ ಹುಟ್ಟಿದ ಮಾತಿನಲ್ಲಿ ಬೆಳೆಸುತ್ತಾನೆ. ಬರೆದ ಸಂಭಾಷಣೆ ಇಲ್ಲ. ಎದುರಾಳಿ ಏನು ಕೇಳುತ್ತಾನೋ ಅದಕ್ಕೆ ಆಗಲೇ ಉತ್ತರ. ಮಾತು ಹಳಿ ತಪ್ಪಿದರೆ ಅಥವಾ ತೀರಾ ಉದ್ದವಾದರೆ ಭಾಗವತರು ತಾಳವನ್ನು ಮೆಲ್ಲನೆ ಒಮ್ಮೆ ತಾಗಿಸುತ್ತಾರೆ, ಸಾಕು ಎಂಬುದಕ್ಕೆ ಅದೇ ಗುರುತು. ಮೊದಲ ಸಲ ಬಂದವರು ಪ್ರಸಂಗದ ಕಥೆ ಓದಿಕೊಂಡು ಬರುವುದು ಒಳ್ಳೆಯದು. ಕಥೆ ಗೊತ್ತಿದ್ದರೆ ಸಪ್ಪೆ ಎಂಬುದು ಸುಳ್ಳು. ಗೊತ್ತಿದ್ದವರಿಗೇ ಜುಮ್ಮೆನ್ನುವುದು ಹೆಚ್ಚು, ಯಾಕೆಂದರೆ ಏನು ಬರಲಿದೆ ಎಂದು ಅವರೇ ಕಾಯುತ್ತಿರುತ್ತಾರೆ.

2011ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಮಿದುಳಿನೊಳಗೆ ಇಣುಕಿ ನೋಡಿದ್ದರು. ಕೇಳುಗರು ತಮಗೆ ಪುಳಕ ತರುವ ಸಂಗೀತವನ್ನು ತಾವೇ ಆರಿಸಿ ತಂದರು. ಪುಳಕದ ಗಳಿಗೆಯಲ್ಲಿ ಮಿದುಳಿನ ಒಂದು ಭಾಗದಲ್ಲಿ ಡೋಪಮಿನ್ ಒಸರಿದರೆ, ಅದಕ್ಕೆ ಮುಂಚಿನ ಕಾಯುವ ಸೆಕೆಂಡುಗಳಲ್ಲೇ ಇನ್ನೊಂದು ಭಾಗದಲ್ಲಿ ಒಸರುತ್ತಿತ್ತು. ಕಾಯುವುದಕ್ಕೇ ಬೇರೆ ಸುಖ ಇದೆ ಎಂದಾಯಿತು. ನಮ್ಮಲ್ಲಿ ನಾಟ್ಯಶಾಸ್ತ್ರದ ಭರತ ರೋಮಾಂಚವನ್ನು ಎಂಟು ಸಾತ್ತ್ವಿಕ ಭಾವಗಳಲ್ಲಿ ಒಂದಾಗಿ ಎಣಿಸಿ, ಚಳಿ, ಭಯ, ಹರ್ಷ, ಕ್ರೋಧ, ಸ್ಪರ್ಶ ಎಂದು ಕಾರಣ ಕೊಟ್ಟ. ನಟ ರಂಗದ ಮೇಲೆ ತೋರಿಸಬೇಕಾದದ್ದು ಎಂದು ಆತ ಹೇಳಿದ್ದು. ಮನಸ್ಸು ಪೂರ್ತಿ ಅಲ್ಲಿ ನಿಲ್ಲದೆ ಅದು ಬರುವುದಿಲ್ಲ ಎಂದೂ ಹೇಳಿದ. ನೋಡುವವರಿಗೂ ಅದೇ ಲೆಕ್ಕ ಇರಬೇಕು, ಇಲ್ಲದಿದ್ದರೆ ಮೊಬೈಲು ಹಿಡಿದವರಿಗೂ ಬರುತ್ತಿತ್ತು. ಅಂದಹಾಗೆ ಮೊಬೈಲಿನಲ್ಲಿ ಹಿಡಿದು ತಂದ ಆಟ ಮನೆಯಲ್ಲಿ ಯಾಕೆ ಚಪ್ಪೆ ಎಂಬುದಕ್ಕೆ ಸರಳ ಕಾರಣವಿದೆ. ಫೋನು ತಾನಾಗಿಯೇ ಜೋರು ಸದ್ದನ್ನು ತಗ್ಗಿಸಿ, ಸಣ್ಣ ಸದ್ದನ್ನು ಎತ್ತಿ, ಎರಡನ್ನೂ ಸಮ ಮಾಡುತ್ತದೆ. ಮೌನಕ್ಕೂ ಪೆಟ್ಟಿಗೂ ನಡುವಿನ ಗುಂಡಿ ಮುಚ್ಚಿಹೋಗುತ್ತದೆ.

ಪ್ರಸಂಗ ಕರ್ಣಭೇದನ. ಕೃಷ್ಣನ ಅರ್ಥ ಹೇಳಿದವರು ನಿವೃತ್ತ ಮೇಷ್ಟ್ರು, ಕರ್ಣನ ಅರ್ಥಕ್ಕೆ ಹಗಲು ಅಡಿಕೆ ವ್ಯಾಪಾರ ಮಾಡುವವರು. ಮೊದಲ ಒಂದು ತಾಸು ಚದುರಂಗ. ಕೃಷ್ಣ ನಯವಾಗಿ ಸುತ್ತಿ ಬರುತ್ತಾನೆ, ಕರ್ಣ ಒಂದೊಂದಕ್ಕೂ ಚುಟುಕು ಉತ್ತರ ಕೊಟ್ಟು ಜಗಲಿಯನ್ನು ನಗಿಸುತ್ತಾನೆ. ಅಪ್ಪೆಹುಳಿ ತನ್ನ ಕೆಲಸ ಮಾಡಿತ್ತು, ನಮ್ಮಲ್ಲಿ ಒಬ್ಬರು ಕಂಬಕ್ಕೆ ಒರಗಿ ಗೊರಕೆ. ತೋಟದಲ್ಲಿ ಮಳೆ ಹಿಡಿದಿತ್ತು, ಜೋರಲ್ಲ, ಸೋಗೆಯಿಂದ ತೊಟ್ಟಿಕ್ಕುವಷ್ಟು.

ಕೊನೆಗೆ ಕೃಷ್ಣ ಹೇಳಿದ: ನೀನು ಸೂತನ ಮಗನಲ್ಲ, ಕುಂತಿಯ ಮಗ.

ಇಲ್ಲಿ ಸಾಮಾನ್ಯವಾಗಿ ಅರ್ಥಧಾರಿಗಳು ಹೊಳೆ ಹರಿಸುತ್ತಾರೆ. ಅಳು, ಆಕ್ರೋಶ, ವಿಧಿಯ ಮೇಲೆ ಹತ್ತು ನಿಮಿಷ. ಅಡಿಕೆ ವ್ಯಾಪಾರಿ ಬಾಯಿ ತೆರೆಯಲಿಲ್ಲ. ಭಾಗವತರು ಪದ್ಯ ಎತ್ತಿಕೊಡಬಹುದಿತ್ತು, ಕೊಡಲಿಲ್ಲ. ತಾಳವನ್ನು ಎರಡೂ ಅಂಗೈ ನಡುವೆ ಒತ್ತಿ ಹಿಡಿದು ಕೂತರು, ಝೇಂಕಾರ ಬರದ ಹಾಗೆ. ಮದ್ದಳೆಯವರು ಬೆರಳು ಚರ್ಮದ ಮೇಲೆ ಚಪ್ಪಟೆ ಇಟ್ಟರು. ಹಾರ್ಮೋನಿಯಂನ ಷಡ್ಜ ಒಂದು ಎಳೆಯಾಗಿ ಉಳಿಯಿತು. ಸೋಗೆಯ ನೀರು ಎಣಿಸಬಹುದಿತ್ತು. ಕಂಬಕ್ಕೆ ಒರಗಿದವರಿಗೆ ಸದ್ದು ನಿಂತದ್ದಕ್ಕೇ ಎಚ್ಚರವಾಯಿತು. ಮುಕ್ಕಾಲು ನಿಮಿಷವಾದರೂ ಹಾಗೆಯೇ ಹೋಗಿರಬೇಕು. ಆಮೇಲೆ ಕರ್ಣ ತಲೆಯೆತ್ತದೆ, ಅಡಿಕೆಯ ಧಾರಣೆ ವಿಚಾರಿಸುವ ದನಿಯಲ್ಲಿ ಕೇಳಿದ:

“ಕೃಷ್ಣ, ಇದು ಮತ್ತೆ ಯಾರಿಗೆಲ್ಲ ಗೊತ್ತು?”

ಕೃಷ್ಣನ ಅರ್ಥದ ಮೇಷ್ಟ್ರಿಗೂ ಒಂದು ಗಳಿಗೆ ಉತ್ತರ ಹೊಳೆಯಲಿಲ್ಲ; ಅದು ಅವರು ನಿರೀಕ್ಷಿಸಿದ ಪ್ರಶ್ನೆಯಾಗಿರಲಿಲ್ಲ. ಅವರ ಕುತ್ತಿಗೆಯ ಮೇಲಿನ ಬಿಳಿ ಕೂದಲು ದೀಪಕ್ಕೆ ಎದುರಾಗಿ ನಿಂತದ್ದು ಹಿಂದೆ ಕೂತವರಿಗೆಲ್ಲ ಕಂಡಿತು. ಭಾಗವತರು ಅಲ್ಲಿಯೇ, ತಾಳವಿಲ್ಲದೆ, ಆಲಾಪ ಎತ್ತಿದರು. ಮೂರು ರಾತ್ರಿಯಲ್ಲಿ ಮುಂಗೈಯಿಂದ ಭುಜದವರೆಗೆ ಹತ್ತಿದ್ದು ಇದೊಂದೇ ಸಲ.

ಬೆಳಗಿನ ಚಹಾಕ್ಕೆ ಆ ಪ್ರಶ್ನೆಯ ಬಗ್ಗೆ ಕೇಳಿದಾಗ ಅಡಿಕೆ ವ್ಯಾಪಾರಿ ತೊಡದೇವು ಮುರಿಯುತ್ತಾ, “ಮಾತು ಮರೆತುಹೋಗಿತ್ತು ಹೇಳಿದ್ರೆ ನಂಬ್ತೀರಾ?” ಎಂದರು. ನಂಬಬೇಕೋ ಬೇಡವೋ ತಿಳಿಯದ ಹಾಗೆ ನಗುತ್ತಿದ್ದರು.

ನಾಲ್ಕನೆಯ ದಿನ: ಮತ್ತೆ ಕಟೀಲು

ಹಗಲೆಲ್ಲ ಹೆದ್ದಾರಿ, ನಡುನಡುವೆ ಮಳೆ. ಮುಲ್ಕಿಯಿಂದ ಒಳಕ್ಕೆ ತಿರುಗಿದಾಗ ಕತ್ತಲಾಗಿತ್ತು. ಪತ್ತ್ ಎಂದರೆ ಹತ್ತು. ಬೇಶ ಹತ್ತು ಕಳೆದರೆ ಗದ್ದೆ ಕೆಲಸ, ಮಳೆ, ಮತ್ತೆ ದೀಪಾವಳಿ ಮುಗಿಯುವ ತನಕ ರಂಗಸ್ಥಳ ಖಾಲಿ. ಇವತ್ತು ಸೇವೆಯಾಟ. ಜನ ಆಟ ನೋಡುವುದಕ್ಕಿಂತ ಕಲಾವಿದರನ್ನು ಮಾತಾಡಿಸುವುದಕ್ಕೇ ಬಂದ ಹಾಗಿತ್ತು. ಕೊಡೆ ಮತ್ತು ಚಾಪೆ ಎರಡೂ ಬೇಕು, ಕಾರು ದೂರವೇ ಬಿಡಬೇಕು. ಮೊದಲ ರಾತ್ರಿಯ ಚರುಮುರಿಯವನೂ ಇಲ್ಲಿದ್ದ, ಈ ಸಲ ಗಾಡಿಗೆ ಪ್ಲಾಸ್ಟಿಕ್ ಹೊದೆಸಿಕೊಂಡು.

ಜುಮ್ಮೆನ್ನುವ ಲೆಕ್ಕ ಇವತ್ತು ಯಾರೂ ಇಡಲಿಲ್ಲ. ಒದ್ದೆ ಅಂಗಿಯಲ್ಲಿ ನಡುಗುತ್ತಿರುವವರ ರೋಮ ಯಾವುದಕ್ಕೆ ಎದ್ದಿತು ಎಂದು ಹೇಳುವವರಾರು? ಮಂಗಳದ ಪದ್ಯ ಮುಗಿದ ಮೇಲೆ ಚೌಕಿಯ ಕಡೆ ಹೋದೆವು. ಮುಖದ ಬಣ್ಣ ತೆಂಗಿನೆಣ್ಣೆಯಲ್ಲಿ ಉಜ್ಜಿ ತೆಗೆಯುತ್ತಿದ್ದರು. ಚಿಟ್ಟಿಯ ಮುಳ್ಳು ಎಣ್ಣೆಗೆ ಬರುವುದಿಲ್ಲ, ಅದನ್ನು ಮೊದಲು ಉಗುರಿನಲ್ಲಿ ಎಬ್ಬಿಸಬೇಕು, ಕೆನ್ನೆ ಉರಿಯುತ್ತದೆ. ಒಬ್ಬ ಕಿರಿಯ ವೇಷಧಾರಿ ಕಾಲು ಚಾಚಿ ಕೂತು ಗೆಜ್ಜೆಯ ಗಂಟು ಬಿಡಿಸುತ್ತಿದ್ದ. ಮಳೆಗೆ ನೆನೆದ ಹಗ್ಗ ಬಿಗಿದುಕೊಂಡು ಬಿಡಿಸಲು ಬಾರದು. ಹಲ್ಲಿನಲ್ಲಿ ಎಳೆದ. ಬಿಚ್ಚಿದ ಜಾಗದಲ್ಲಿ ಚರ್ಮ ಬೇರೆ ಬಣ್ಣಕ್ಕೆ ತಿರುಗಿತ್ತು, ಆರು ತಿಂಗಳ ಬಳೆಯ ಹಾಗೆ. ಗೆಜ್ಜೆಯನ್ನು ಸದ್ದಾಗದಂತೆ ಎರಡೂ ಕೈಯಲ್ಲಿ ಮುಚ್ಚಿ ಹಿಡಿದು, ಹಣೆಗೆ ಒತ್ತಿಕೊಂಡು, ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸಿದ.

ಪೆಟ್ಟಿಗೆ ಲಾರಿಗೆ ಏರುವಾಗ ಒಂದು ಬದಿ ಜಾರಿತು. ಒಳಗಿದ್ದ ಗೆಜ್ಜೆಗಳೆಲ್ಲ ಒಮ್ಮೆಗೇ ಜಲ್ ಎಂದವು. ಲಾರಿಯ ಕೆಳಗೆ ಮಳೆಗೆ ಮರೆಯಾಗಿ ನಿಂತು ಬೀಡಿ ಹಚ್ಚುತ್ತಿದ್ದ ಚೆಂಡೆಯವರು ಥಟ್ಟನೆ ಆ ಕಡೆ ತಿರುಗಿದರು, ಕೈ ತಾನಾಗಿ ಕೋಲಿಗೆ ತಡಕಿತು. ಕೋಲು ಆಗಲೇ ಪೆಟ್ಟಿಗೆಯೊಳಗಿತ್ತು.